ಏನಮ್ಮಾ, ಫ್ರೀನಾ?

ನಮ್ಮ ಮಾವನವರಿಗೆ ಬರುವ ಇಂಗ್ಲಿಷ್ ಪದ ಒಂದೇ ಒಂದು ಎಂದರೆ ನೀವು ಖಂಡಿತ ನಂಬುವುದಿಲ್ಲ. ನಂಬಬೇಡಿ, ಪರವಾಗಿಲ್ಲ. ನೈರೋಬಿಯ ಕಾಲೇಜೊಂದರಲ್ಲಿ ತಲೆಗೂದಲು ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವವರೆಗೆ ಇಂಗ್ಲಿಷಿನಲ್ಲೇ ಗಣಿತ ಪಾಠ ಮಾಡಿದ ಮಹಾನುಭಾವರು ಅವರು. ಅವರ ಕೈಯಲ್ಲಿ ಕಲಿತವರು ಈ ಊರಿನ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ದೊಡ್ಡ ದೊಡ್ಡ ಕುರ್ಚಿಗಳ ಮೇಲೆ ಕೂತಿದ್ದಾರೆ. ರಸ್ತೆಯಲ್ಲಿ ಕಂಡರೆ "ಮ್ವಾಲಿಮು" ಎಂದು, ಅಂದರೆ "ಮೇಷ್ಟ್ರೇ" ಎಂದು, ಕೈಕುಲುಕುತ್ತಾರೆ. ಆದರೆ ನಾನು ಮದುವೆಯಾಗಿ ಈ ದೇಶಕ್ಕೆ ಬಂದಿಳಿದ ದಿನದಿಂದ ನನ್ನ ಪಾಲಿಗೆ ಆ ಬಾಯಿಂದ ಹೊರಬಿದ್ದ ಇಂಗ್ಲಿಷ್ ಪದ ಒಂದೇ. ಫ್ರೀ!

ಮಾವ ಎಂದರೆ ನಮ್ಮ ಯಜಮಾನರ ತಂದೆಯಲ್ಲ, ಸೋದರಮಾವ. ಕಿಲೆಲೆಶ್ವಾ ಬಡಾವಣೆಯ ಈ ಕಟ್ಟಡದಲ್ಲಿ ಅವರದು ನೆಲಮಹಡಿ, ನಮ್ಮದು ಮೂರನೆಯ ಮಹಡಿ. ಅತ್ತೆ ತೀರಿಕೊಂಡ ಮೇಲೆ "ಮಾವ ಒಬ್ಬರೇ ಆಗಿಬಿಟ್ರು, ನಮ್ಮ ಹತ್ರಾನೇ ಇರಲಿ" ಎಂದು ಆ ಮನೆ ಹುಡುಕಿದವರು ನಮ್ಮ ಯಜಮಾನರೇ. ಹುಡುಕಿಕೊಟ್ಟು ಪುಣ್ಯ ಕಟ್ಟಿಕೊಂಡು, ಬೆಳಗಾದರೆ ಔಷಧಿ ಫ್ಯಾಕ್ಟರಿಯ ಕಾರು ಹತ್ತಿ ಹೊರಟುಬಿಡುತ್ತಾರೆ. ಮಗಳು ಲ್ಯಾವಿಂಗ್ಟನ್‌ನ ಸ್ಕೂಲಿಗೆ ವ್ಯಾನು ಹತ್ತುತ್ತಾಳೆ. ಇನ್ನು "ಹತ್ರ" ಉಳಿಯುವವರು ಯಾರು? ಹೇಳಿ ನೋಡೋಣ!

ಅವರಿಬ್ಬರೂ ಅತ್ತ ಹೋದರೋ ಇಲ್ಲವೋ, ಇತ್ತ ಬಾಗಿಲ ಗಂಟೆ. ಬೇರೆಯವರು ಗುಂಡಿ ಒತ್ತಿ ಕೈ ತೆಗೆಯುತ್ತಾರೆ. ಮಾವ ಒತ್ತಿದ ಬೆರಳನ್ನು ಅಲ್ಲೇ ಮರೆತುಬಿಡುತ್ತಾರೆ. ಬೆಂಕಿ ಬಿದ್ದವರ ಮನೆಯ ಹಾಗೆ ಗಂಟೆ ಹೊಡೆದುಕೊಳ್ಳುತ್ತಿರುತ್ತದೆ. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿಬಂದು ಬಾಗಿಲು ತೆಗೆದರೆ,

"ಏನಮ್ಮಾ, ಫ್ರೀನಾ?"

ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಲೋಕದ ಪದ್ಧತಿ. ಮೇಷ್ಟ್ರಿಗಾದರೂ ಗೊತ್ತಿರಬೇಡವೇ? ಮಾವ ಕಾಯುವುದಿಲ್ಲ. "ಫ್ರೀನಾ" ಎನ್ನುವಷ್ಟರಲ್ಲಿ ಅವರ ಒಂದು ಕಾಲು ಹೊಸ್ತಿಲೊಳಗೆ, ಇನ್ನೊಂದು ಕಾಲು ನಮ್ಮ ಹಾಲಿನಲ್ಲಿ. ಹೆಗಲ ಮೇಲೆ ಒಗೆದು ಒಣಗಿಸಿದ ಬೆಡ್‌ಶೀಟು!

"ಇದರ ಆ ತುದಿ ಹಿಡ್ಕೋಮ್ಮಾ. ಒಬ್ಬನೇ ಮಡಚಿದ್ರೆ ಮೂಲೆಗೆ ಮೂಲೆ ಕೂಡಲ್ಲ."

ಮೂಲೆಗೆ ಮೂಲೆ ಕೂಡದಿದ್ದರೆ ಏನಾಗುತ್ತದೆ? ಪ್ರಪಂಚ ಮುಳುಗುತ್ತದೆಯೇ? ಆದರೆ ಗಣಿತದವರಿಗೆ ಮುಳುಗುತ್ತದಂತೆ. ಒಲೆಯ ಮೇಲೆ ಸಾಸಿವೆ ಸೀದು ಕರಿಬೂದಿಯಾಗುತ್ತಿದ್ದರೂ ನಾನು ಹಾಲಿನ ಆ ತುದಿಯಲ್ಲಿ ಬೆಡ್‌ಶೀಟು ಹಿಡಿದು ನಿಂತಿರಬೇಕು. ಅವರು ಎರಡು ಹೆಜ್ಜೆ ಮುಂದೆ ಬರುತ್ತಾರೆ, ನಾನೂ ಎರಡು ಹೆಜ್ಜೆ ಮುಂದೆ ಹೋಗುತ್ತೇನೆ, ಮೂಲೆಗೆ ಮೂಲೆ ಕೂಡಿಸುತ್ತೇವೆ. ಮದುವೆ ಮನೆಯ ಅಂತರಪಟದ ಹಾಗೆ! ಮುಗಿದ ಮೇಲೆ ಮಡಿಕೆಯನ್ನು ಅಂಗೈಯಿಂದ ಸವರಿ "ಹಾಂ, ಈಗ ಸರಿಯಾಯ್ತು" ಎಂದು ಇಳಿದು ಹೋಗುತ್ತಾರೆ.

ಬೆಡ್‌ಶೀಟು ಇಲ್ಲದ ದಿನ ಬಟ್ಟಲು. ಬಟ್ಟಲಿನಲ್ಲಿ ಅವರೇ ಮಾಡಿದ ಸಾರು.

"ಫ್ರೀನಾ? ಉಪ್ಪು ಸರಿಯಾಗಿದ್ಯಾ ನೋಡಿ ಹೇಳು."

ಪೂಜೆ ಮುಗಿಯುವ ಮೊದಲು ನಾನು ಏನನ್ನೂ ಬಾಯಿಗಿಡುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು!

"ಮಾವ, ನಂದಿನ್ನೂ ಪೂಜೆ ಆಗಿಲ್ಲ."

"ನುಂಗು ಅಂತ ಯಾರಂದ್ರು? ನಾಲಗೆ ಮೇಲಿಟ್ಟು ಉಗಿ!"

ಹೀಗೆನ್ನುವವರ ಹತ್ತಿರ ವಾದ ಮಾಡುವುದುಂಟೇ?

ಮೊದಮೊದಲು ನಾನು "ಫ್ರೀ" ಎಂದರೆ ಬಿಡುವು ಎಂದಷ್ಟೇ ತಿಳಿದಿದ್ದೆ. ಮಾವನ ಬಾಯಲ್ಲಿ ಅದರ ಅವತಾರಗಳನ್ನು ನೋಡುತ್ತಾ ಹೋದಂತೆ ದಶಾವತಾರವೇ ಚಿಕ್ಕದು ಅನ್ನಿಸಿತು. ನಾನು ದೇವರಿಗೆ ಹೂ ಕಟ್ಟುತ್ತಾ ಕೂತಿರುವಾಗ ಎದುರಿನ ಸೋಫಾದಲ್ಲಿ ಕೂತು ನೆಮ್ಮದಿಯಿಂದ ಹೇಳುತ್ತಾರೆ: "ಇವತ್ತು ಹೊಟ್ಟೆ ಫ್ರೀ ಆಯ್ತಮ್ಮಾ." ದೇವರಿಗೆ ಹೂ ಕಟ್ಟುವಾಗ ಕೇಳಬೇಕಾದ ಸುದ್ದಿಯೇ ಇದು? ಆಗದ ದಿನ ಇನ್ನೂ ಕಷ್ಟ. ಏಕೆ ಆಗಲಿಲ್ಲ ಎಂಬುದನ್ನು ಹಿಂದಿನ ರಾತ್ರಿಯ ಊಟದಿಂದ ಶುರುಮಾಡಿ ಹಂತಹಂತವಾಗಿ ಬಿಡಿಸಿ ಹೇಳುತ್ತಾರೆ.

ಪೈಜಾಮ ಹೊಲಿಸುವಾಗ ಟೈಲರ್‌ಗೆ "ಫ್ರೀಯಾಗಿ ಹೊಲಿಯಪ್ಪಾ" ಎನ್ನುತ್ತಾರೆ. ಅವನು ಪಾಪ, ಹೇಳಿದಂತೆ ಕೇಳುವವನು. ಅವನು ಹೊಲಿದು ತಂದ ಪೈಜಾಮದ ಒಂದೊಂದು ಕಾಲಿನಲ್ಲಿ ಒಂದೊಂದು ಸಂಸಾರ ಹೂಡಬಹುದಿತ್ತು. ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ದಿನ ಅದು ಗಾಳಿ ತುಂಬಿಕೊಂಡು ಉಬ್ಬಿತು. ಗೇಟಿನ ಅಸ್ಕಾರಿ, ಅಂದರೆ ಕಾವಲುಗಾರ, ಮೇಲೆ ನೋಡುತ್ತಾ ಮದುವೆ ಯಾರದು ಎಂದು ಕೇಳಿದ. ಶಾಮಿಯಾನ ಎಂದುಕೊಂಡಿದ್ದನಂತೆ! ಕಡೆಗೆ ಅದನ್ನು ಮತ್ತೆ ಮನುಷ್ಯರ ಅಳತೆಗೆ ತಂದವರು ಯಾರು? ಫ್ರೀಯಾಗಿರುವವರು! ಕತ್ತರಿಸಿ ತೆಗೆದ ಬಟ್ಟೆ ನನ್ನ ಹೊಲಿಗೆ ಮೆಷಿನ್ನಿನಲ್ಲಿ ನಮ್ಮ ಅಡುಗೆಮನೆ ಕಿಟಕಿಯ ಪರದೆಯಾಯಿತು. ಸುಳ್ಳಲ್ಲ, ಈಗಲೂ ಇದೆ. ನಾನು ದಿನಾ ಸಂಜೆ ದೀಪ ಹಚ್ಚಿ, ಅವತ್ತು ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಸಿಕೊಳ್ಳುವವಳು. ನೀರಿನ ಟ್ಯಾಂಕರ್ ಬಂತು, ಕರೆಂಟು ಹೋದರೂ ಇಡ್ಲಿ ಹಿಟ್ಟು ರುಬ್ಬಿಯಾಗಿತ್ತು, ಹೀಗೆ. ಅವತ್ತು ಆ ಪರದೆಯನ್ನೂ ಸೇರಿಸಿಕೊಂಡೆ. ಸಿಕ್ಕಿದ್ದನ್ನು ಬಿಡಬಾರದು.

ಕಾರಿನ ಕಥೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ. "ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕೆಲಸ ಇದೆ, ಫ್ರೀನಾ? ಪಕ್ಕದಲ್ಲಿ ಸುಮ್ನೆ ಕೂತ್ಕೊ, ಸಾಕು" ಎಂದು ಕರೆದುಕೊಂಡು ಹೋದರು. ಅವರ ಕಾರಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಇಳಿಜಾರು ಬಂದದ್ದೇ ಮಾವನ ಮುಖದಲ್ಲಿ ಬೆಳಕು!

"ಈಗ ನೋಡಮ್ಮಾ, ಗಾಡೀನ ಫ್ರೀ ಬಿಡೋಣ. ಪೆಟ್ರೋಲ್ ಯಾಕೆ ದಂಡ?"

ಗೇರು ತೆಗೆದರು. ಕಾರು ತನ್ನ ಪಾಡಿಗೆ ತಾನು ಉರುಳತೊಡಗಿತು. ಹಿಂದೆ ಒಂದು ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಮೈತುಂಬ ಬಣ್ಣ ಬಳಿದುಕೊಂಡು, ಎದೆ ನಡುಗುವಂತೆ ಹಾಡು ಹಾಕಿಕೊಂಡು ಹಾರ್ನ್ ಮಾಡುತ್ತಿದೆ. ಅದರ ಕಂಡಕ್ಟರ್ ಅರ್ಧ ಮೈ ಹೊರಗೆ ಚಾಚಿ ಏನೇನೋ ಕೂಗುತ್ತಿದ್ದಾನೆ. ನಾನು ಕಣ್ಣು ಮುಚ್ಚಿ ತಾಯಿಯ ನಾಮ ಹೇಳತೊಡಗಿದೆ. ಇಳಿಜಾರು ಮುಗಿದಲ್ಲಿ ಸರ್ಕಲ್ಲು. ಸರ್ಕಲ್ಲಿನ ನಟ್ಟನಡುವೆ ಕಾರಿನ ಉತ್ಸಾಹವೂ ಮುಗಿಯಿತು. ನಿಂತಿತು. ಇಂಜಿನ್ನೂ ಆರಿತು. ನಾಲ್ಕೂ ದಿಕ್ಕಿನಿಂದ ಹಾರ್ನು! ಟ್ರಾಫಿಕ್ ಪೊಲೀಸಿನವನು ಬಿರಬಿರನೆ ಬಂದ. ಬಗ್ಗಿ ಮಾವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನೋಡಿ, ಬಯ್ಯುವುದನ್ನು ಬಿಟ್ಟು, ನನಗೆ "ಪೋಲೆ, ಮಾಮಾ" ಎಂದ. ಇಲ್ಲಿಯವರ ಮಾತಿನಲ್ಲಿ ಮಾಮಾ ಎಂದರೆ ಅಮ್ಮ, ಪೋಲೆ ಎಂದರೆ "ಅಯ್ಯೋ ಪಾಪ" ಎಂದು. ಇಷ್ಟು ವರ್ಷದಲ್ಲಿ ನನ್ನ ಕಷ್ಟ ಅರ್ಥವಾದದ್ದು ಆ ಒಬ್ಬ ಪೊಲೀಸಿನವನಿಗೆ!

ಇನ್ನು "ಫ್ರೀಯಾಗಿ ಮಾತಾಡು" ಎಂದು ಒಂದಿದೆ. ಇದನ್ನು ಕೇಳಿ ನಾನು ಒಮ್ಮೆ ಮೋಸಹೋದೆ. ಯಜಮಾನರಿಗೆ ಬಡ್ತಿ ಬರುವ ಸೂಚನೆ ಇದೆ, ಆಗುವವರೆಗೆ ಯಾರಿಗೂ ಹೇಳಬೇಡಿ ಎಂದು ಮಾವನ ಹತ್ತಿರ ಬಾಯಿಬಿಟ್ಟೆ. ಗುಟ್ಟು ಅವರ ಹೊಟ್ಟೆಯಲ್ಲಿ ಲಿಫ್ಟು ಕೆಳಗಿಳಿಯುವಷ್ಟು ಹೊತ್ತೂ ನಿಲ್ಲಲಿಲ್ಲ. ಸಂಜೆ ಯಜಮಾನರು ಮನೆಗೆ ಬಂದರೆ ಗೇಟಿನಲ್ಲಿ ಅಸ್ಕಾರಿ ಸೆಲ್ಯೂಟ್ ಹೊಡೆದು "ಹೊಂಗೆರಾ, ಬಾಸ್!" ಎಂದನಂತೆ. ಅಭಿನಂದನೆ! ತರಕಾರಿ ಮಾರುವ ಹೆಂಗಸು ಒಂದು ಕಂತೆ ಕೊತ್ತಂಬರಿ ಸೊಪ್ಪು ಫ್ರೀ ಕೊಟ್ಟಳಂತೆ. ಯಜಮಾನರು ಆ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ಇಷ್ಟೆಲ್ಲಾ ಆದ ಮೇಲೆ ಒಂದು ದಿನ ನಾನು ನೇರವಾಗಿ ಕೇಳಿಯೇಬಿಟ್ಟೆ. "ಅಲ್ಲ ಮಾವ, ನಿಮ್ಮ ಅಳಿಯನ್ನ ಒಂದಿನಾನಾದ್ರೂ ಫ್ರೀನಾ ಅಂತ ಕೇಳಿದ್ದೀರಾ?"

"ಅವನಿಗೆ ಆಫೀಸ್ ಅಲ್ವೇನಮ್ಮಾ?"

"ನಿಮ್ಮ ಮೊಮ್ಮಗಳನ್ನ?"

ಅಷ್ಟರಲ್ಲಿ ಒಳಗಿನಿಂದ ಅವಳೇ ಕೂಗಿದಳು: "ತಾತಾ, ಐ ಆಮ್ ಬಿಝಿ!"

"ನೋಡು, ಅವಳು ಬಿಝಿ. ಇಂಗ್ಲಿಷಲ್ಲಿ ಹೇಳ್ತಿದ್ದಾಳೆ."

"ಮತ್ತೆ ನಾನು?"

ಮಾವ ಕೋಪಿಸಿಕೊಳ್ಳಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಗೆ ತಿಳಿಸಿ ಹೇಳುವಂತೆ ಹೇಳಿದರು. "ನೋಡಮ್ಮಾ, ಕಾಲೇಜಲ್ಲಿ ಟೈಮ್‌ಟೇಬಲ್ ಅಂತ ಇರತ್ತೆ. ಅದರಲ್ಲಿ ಯಾವ ಮನೆ ಖಾಲಿ ಇರತ್ತೋ ಅದು ಫ್ರೀ ಪೀರಿಯಡ್. ಯಾರಾದ್ರೂ ಮೇಷ್ಟ್ರು ರಜಾ ಹಾಕಿದ್ರೆ, ಆ ಪೀರಿಯಡ್ ಫ್ರೀ ಇರೋರು ಹೋಗಿ ಅವರ ಕ್ಲಾಸ್ ತಗೋಬೇಕು. ಅದು ರೂಲ್ಸು. ನಿನಗೆ ಟೈಮ್‌ಟೇಬಲ್ಲೇ ಇಲ್ಲ. ಅಂದ್ಮೇಲೆ?"

"ಅಂದ್ಮೇಲೆ?"

"ಇಡೀ ದಿನ ಫ್ರೀ ಪೀರಿಯಡ್ಡು!"

ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಈ ಮನೆಯಲ್ಲಿ ರಜಾ ಹಾಕಿದವರ ಕ್ಲಾಸುಗಳನ್ನೆಲ್ಲಾ ತೆಗೆದುಕೊಳ್ಳುತ್ತಿರುವವಳು ನಾನು! ನನ್ನ ಕೆಲಸವನ್ನು ಯಾರೂ ಗೆರೆ ಎಳೆದು ಮನೆ ಮಾಡಿ ಗೋಡೆಗೆ ಅಂಟಿಸಿಲ್ಲ ಎಂದ ಮಾತ್ರಕ್ಕೆ ಅದು ಕೆಲಸವೇ ಅಲ್ಲವೇ? ಯಜಮಾನರಿಗೆ ಹೇಳಿಕೊಂಡರೆ, "ಬಿಡೇ, ಅತ್ತೆ ಇದ್ದಾಗ ಅವರನ್ನ ಹೀಗೇ ಗೋಳುಹುಯ್ಕೋತಿದ್ರು" ಎಂದು ಟಿವಿಯ ಕಡೆ ತಿರುಗಿದರು. ಅವರು ಫ್ರೀ ಇರಲಿಲ್ಲ.

ಹೀಗೇ ಗೊಣಗಿಕೊಂಡು ಇನ್ನೂ ಎಷ್ಟು ವರ್ಷ ಕಳೆಯುತ್ತಿದ್ದೆನೋ. ಆದರೆ ಈ ಸಲ ನಾನು ಕೈಗೆತ್ತಿಕೊಂಡದ್ದು ಬೆಡ್‌ಶೀಟು ಮಡಚುವಂಥ ಕೆಲಸವಾಗಿರಲಿಲ್ಲ.

ಮೈಸೂರಿನಲ್ಲಿ ನನ್ನ ತಂಗಿ ಇದ್ದಾಳೆ. ಎರಡು ಸಲ ಬಸುರಾಗಿ ಎರಡು ಸಲವೂ ಮಗು ಕೈಗೆ ದಕ್ಕಲಿಲ್ಲ. ಈ ಸಲ ತಿಂಗಳು ತುಂಬುತ್ತಾ ಬಂದಿತ್ತು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಅಮ್ಮ ಅವಳ ಹತ್ತಿರ ಇದ್ದರು. ಮಗಳ ಪರೀಕ್ಷೆ ಬಿಟ್ಟು ನಾನು ಹೋಗುವಂತಿರಲಿಲ್ಲ. ಫೋನಿನಲ್ಲಿ ಅವಳು "ಅಕ್ಕಾ, ಭಯ ಆಗತ್ತೆ ಕಣೇ" ಎಂದಾಗ ನಾನು ಇಲ್ಲಿ ಅಡುಗೆಮನೆಯಲ್ಲಿ ನಿಂತು ಏನು ಮಾಡಬಲ್ಲೆ? ದೇವಿಯ ಪಾರಾಯಣಕ್ಕೆ ಸಂಕಲ್ಪ ಮಾಡಿಕೊಂಡೆ. ನಮ್ಮ ತವರಿನ ಕಡೆ ಇದಕ್ಕೊಂದು ಪದ್ಧತಿಯಿದೆ. ಮಣೆಯ ಮೇಲೆ ಕೂತು ಶುರುಮಾಡಿದ ಮೇಲೆ ಮಂಗಳಾರತಿಯವರೆಗೆ ಏಳುವಂತಿಲ್ಲ, ಬೇರೆ ಒಂದು ಮಾತೂ ಆಡುವಂತಿಲ್ಲ. ಒಂಬತ್ತು ದಿನ ಒಂದೇ ಸಮನೆ ನಡೆಯಬೇಕು. ನಡುವೆ ಕೆಟ್ಟರೆ ಮತ್ತೆ ಮೊದಲನೆಯ ದಿನದಿಂದ.

ಮೂರನೆಯ ದಿನ ಕೆಟ್ಟಿತು. ಹೇಗೆ ಎಂದು ಬೇರೆ ಹೇಳಬೇಕೇ? ಗಂಟೆ! ಒತ್ತಿದ ಬೆರಳು ತೆಗೆಯದ ಗಂಟೆ! ನಮ್ಮ ದೇವರ ಕೋಣೆ ಇರುವುದು ಮುಂಬಾಗಿಲ ಪಕ್ಕದಲ್ಲೇ. ಎಷ್ಟು ಹೊತ್ತು ಹಲ್ಲುಕಚ್ಚಿ ಕೂತರೂ ನಿಲ್ಲಲಿಲ್ಲ. ಏನೋ ಅನಾಹುತವಾಗಿದೆ ಎಂದು ಎದ್ದು ಓಡಿದೆ. ಬಾಗಿಲಲ್ಲಿ ಬೆಡ್‌ಶೀಟು.

ಎರಡನೆಯ ಸಲ ಶುರುಮಾಡುವಾಗ ಜಾಣಳಾದೆ. ಗಂಟೆಯ ಸ್ವಿಚ್ಚನ್ನೇ ಆರಿಸಿ ಕೂತೆ. ಆರು ದಿನ ಸುಸೂತ್ರವಾಗಿ ನಡೆಯಿತು. ಸಂಜೆಯ ಉಪಕಾರಗಳಲ್ಲಿ ಅದನ್ನೇ ಮೊದಲು ನೆನೆಯುತ್ತಿದ್ದೆ. ಏಳನೆಯ ದಿನ ಬಾಗಿಲ ಬೀಗದಲ್ಲಿ ಕೀಲಿ ತಿರುಗಿದ ಸದ್ದು. ಆಪತ್ತಿಗಿರಲಿ ಎಂದು ನಾವೇ ಮಾವನಿಗೆ ಒಂದು ಕೀಲಿ ಕೊಟ್ಟಿದ್ದೆವು. ಆಪತ್ತು ಆ ಕೀಲಿಯಿಂದಲೇ ಬಂತು! ದೇವರ ಕೋಣೆಯ ಬಾಗಿಲಲ್ಲಿ ಮಾವನ ತಲೆ ಕಾಣಿಸಿತು.

"ಗಂಟೆ ಕೆಟ್ಟೋಗಿದೆ ಕಣಮ್ಮಾ. ಏನು, ಪೂಜೇನಾ?" ಎಂದವರು ಸಮಾಧಾನದಿಂದ, "ಸರಿ, ಹಾಗಾದ್ರೆ ಫ್ರೀನೇ!" ಎಂದರು.

ನಾನು ಮಾತಾಡದೆ ಕೈಸನ್ನೆ ಮಾಡಿದೆ. ಹೋಗಿ ಎಂದು ಸನ್ನೆ ಮಾಡಿದರೆ ಅವರಿಗೆ ಅದು "ಕಾಫಿ ಮಾಡಿಕೊಳ್ಳಿ" ಎಂದು ಕಂಡಿತಂತೆ. ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಅಲ್ಲಿಯೇ ಬಿಟ್ಟು, ಸೋಫಾಗೆ ಬಂದು ಪೇಪರ್ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಸುರಿದ ಚುರ್ರ್ ಸದ್ದು, ಆಮೇಲೆ ಒಲೆ ಆರಿ ಗ್ಯಾಸಿನ ವಾಸನೆ. ನಾನು ಪುಸ್ತಕದ ಮೇಲೆ ಕಣ್ಣಿಟ್ಟು ಅವರು ಏಳಲಿ ಎಂದು ಕಾದೆ. ಅವರು ಪುಟ ತಿರುಗಿಸಿದರು.

"ಮಾವ! ಗ್ಯಾಸು!"

ಕೂಗಿದ್ದು ನಾನು. ಕೆಟ್ಟಿತು. ಎರಡನೆಯ ಸಲವೂ ಕೆಟ್ಟಿತು.

ಗ್ಯಾಸು ಬಂದ್ ಮಾಡಿ, ಕಿಟಕಿ ತೆಗೆದು, ಆ ಪೈಜಾಮದ ಪರದೆ ಸರಿಸಿ ತಿರುಗಿ ನೋಡಿದರೆ ಮಾವ ಹಿಂದೆಯೇ ನಿಂತಿದ್ದಾರೆ. "ಅಷ್ಟೇ ತಾನೆ? ಮುಂದುವರಿಸಮ್ಮಾ" ಎಂದರು. ಇಷ್ಟು ವರ್ಷ ಗಂಟಲಲ್ಲಿ ಇದ್ದದ್ದೆಲ್ಲಾ ಒಟ್ಟಿಗೆ ಹೊರಬಂತು.

"ನಾನು ಫ್ರೀ ಇಲ್ಲ ಮಾವ! ಯಾವತ್ತೂ ಇರ್ಲಿಲ್ಲ! ನೀವು ಒಂದ್ಸಲಾನೂ ನನ್ನ ಉತ್ತರ ಕೇಳಿಸ್ಕೊಂಡಿಲ್ಲ! ನನ್ನ ತಂಗಿಗೆ ಎರಡು ಸಲ ಹೋಯ್ತು. ಈಗ ಅಲ್ಲಿ ಹೆದರ್ಕೊಂಡು ಮಲಗಿದ್ದಾಳೆ. ಇಲ್ಲಿಂದ ನಾನು ಅವಳ ಕೈ ಹಿಡ್ಕೊಳೋಕಾಗುತ್ತಾ? ತಲೆ ಸವರೋಕಾಗುತ್ತಾ? ನನ್ನ ಕೈಲಾಗೋದು ಇದೊಂದೇ. ಅದನ್ನೂ ಎರಡು ಸಲ ಕೆಡಿಸಿದ್ರಿ. ಇನ್ನು ದಿನ ಎಲ್ಲಿದೆ?"

ಮಾವನಿಗೆ ದೇವರಲ್ಲಿ ನಂಬಿಕೆಯಿಲ್ಲ. "ಸಾಬೀತು ಮಾಡದೇ ಇರೋದನ್ನ ನಾನು ಬೋರ್ಡಿನ ಮೇಲೆ ಬರೆಯೋನಲ್ಲ" ಎನ್ನುವವರು. ಈಗಲೂ ಅದನ್ನೇ ಹೇಳುತ್ತಾರೆ, ಹೇಳಲಿ, ಇವತ್ತು ಬಿಡುವುದಿಲ್ಲ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಅವರು ಕೇಳಿದ್ದು ಬೇರೆ:

"ದಿನಾ ಎಷ್ಟು ಹೊತ್ತು ಬೇಕಮ್ಮಾ ಇದಕ್ಕೆ?"

"ಒಂದೂವರೆ ಗಂಟೆ."

"ಒಂದೂವರೆ ಗಂಟೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಜೇಬಿನಿಂದ ನಮ್ಮ ಮನೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಲಿಫ್ಟು ಕೆಲಸ ಮಾಡುತ್ತಿದ್ದರೂ ಮೆಟ್ಟಿಲಿಳಿದು ಹೋದರು.

ಮಾರನೆಯ ದಿನ ಗಂಟೆಯ ಸ್ವಿಚ್ಚು ಹಾಕಿಯೇ ಇದ್ದರೂ ಮಾವ ಬಾರಿಸಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಇದೂ ಒಂದು ಉಪಕಾರ ಎಂದು ದೇವರ ಮುಂದೆ ಸ್ವಲ್ಪ ಜೋರಾಗಿಯೇ ಹೇಳಿದೆ. ಸಂಜೆ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಾಗ ಕೆಳಗೆ ಅವರ ಹಗ್ಗದ ಮೇಲೆ ಒಣಗಿದ ಬೆಡ್‌ಶೀಟು ಹಾಗೇ ಬಿದ್ದಿತ್ತು. ಬಿದ್ದಿರಲಿ, ನನಗೇನು!

ಮೂರನೆಯ ಸಲ ಮಣೆ ಹಾಕಿದೆ. ದೀಪ ಹಚ್ಚಿ, ಇನ್ನೇನು ಶುರುಮಾಡಬೇಕು, ಬಾಗಿಲಾಚೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಕೆಮ್ಮು. ಆ ಕೆಮ್ಮು ನನಗೆ ಗೊತ್ತಿಲ್ಲವೇ? ಬಂದರು, ಇನ್ನೇನು ಗಂಟೆ ಒತ್ತುತ್ತಾರೆ ಎಂದುಕೊಂಡೆ. ಒತ್ತಲಿಲ್ಲ. ಓದುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ. ಗ್ಯಾಸ್ ಸಿಲಿಂಡರಿನವನು.

"ಜಾಂಬೋ, ಮ್ವಾಲಿಮು! ಗ್ಯಾಸ್..."

"ಶ್ಶ್!" ಮಾವನ ಗಂಟಲು. "ಶಿ ಈಸ್ ನಾಟ್ ಫ್ರೀ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ! ಇಷ್ಟು ವರ್ಷದ ಮೇಲೆ ಮಾವ ಎರಡನೆಯ ಇಂಗ್ಲಿಷ್ ಪದ ಕಲಿತಿದ್ದರು. ನಾಟ್!

"ಎಷ್ಟೊತ್ತಿಗೆ ಫ್ರೀ?" ಎಂದು ಅವನು ತನ್ನ ಭಾಷೆಯಲ್ಲಿ ಪಿಸುಗುಟ್ಟಿದ.

"ಎಕ್ಸಾಮ್ ನಡೀತಿದೆ. ಕೂತ್ಕೊ. ಸದ್ದು ಮಾಡಬೇಡ."

ಹೌದು, ಮಾವ ಪರೀಕ್ಷೆಯ ಮೇಲ್ವಿಚಾರಣೆಗೆ ಕೂತಿದ್ದರು! ಪರೀಕ್ಷಾ ಕೊಠಡಿಯೊಳಗೆ ಒಬ್ಬಳೇ ಹುಡುಗಿ ಉತ್ತರ ಬರೆಯುತ್ತಿದ್ದಾಳೆ, ಅವಳನ್ನು ಯಾರೂ ಮಾತಾಡಿಸಕೂಡದು. ನಗು ಬಂತು. ಪಾರಾಯಣದ ನಡುವೆ ನಕ್ಕರೆ ಕೆಟ್ಟಂತೆಯೋ ಇಲ್ಲವೋ ನಮ್ಮಮ್ಮ ಹೇಳಿರಲಿಲ್ಲ. ತುಟಿ ಕಚ್ಚಿಕೊಂಡು ದಾಟಿದೆ. ಮಂಗಳಾರತಿ ಮುಗಿಸಿ ಬಾಗಿಲು ತೆಗೆದರೆ ಖಾಲಿ ಕುರ್ಚಿ. ಮಾವ ಇಳಿದು ಹೋಗಿದ್ದರು. ಸಿಲಿಂಡರು ಮಾತ್ರ ಬಾಗಿಲ ಪಕ್ಕದಲ್ಲಿ ಶಿಸ್ತಾಗಿ ನಿಂತಿತ್ತು.

ಹೀಗೆಯೇ ದಿನಗಳು ನಡೆದವು. ನೀರಿನ ಟ್ಯಾಂಕರಿನ ವಿಷಯ ಹೇಳಲು ಬಂದ ಅಸ್ಕಾರಿಗೆ "ನಾಟ್ ಫ್ರೀ." ಪಾಲಕ್ ತಂದ ತರಕಾರಿ ಹೆಂಗಸಿಗೆ "ನಾಟ್ ಫ್ರೀ." ಮನೆಯಲ್ಲಿ ಮರೆತ ಕನ್ನಡಕಕ್ಕೆ ಫ್ಯಾಕ್ಟರಿಯಿಂದ ವಾಪಸು ಬಂದ ನಮ್ಮ ಯಜಮಾನರಿಗೂ "ನಾಟ್ ಫ್ರೀ ಕಣೋ, ಮೆಟ್ಟಿಲ ಮೇಲೆ ಕೂತ್ಕೊ!" ಫ್ಯಾಕ್ಟರಿಯ ಮ್ಯಾನೇಜರಾದ ಅವರು ತಮ್ಮದೇ ಮನೆಯ ಮೆಟ್ಟಿಲ ಮೇಲೆ ಕೂತು ಕಾದರು. ಅವತ್ತು ಸಂಜೆ ದೇವರ ಮುಂದೆ ನಾನು ಯಾವ ಉಪಕಾರ ನೆನೆದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ.

ಒಂಬತ್ತನೆಯ ದಿನ ಬೆಳಕು ಹರಿಯುವಷ್ಟರಲ್ಲಿ ಅಮ್ಮನ ಫೋನು. ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ನೋವು ಶುರುವಾಗಿದೆ. ಸ್ನಾನ ಮಾಡಿ ಮಣೆ ಹಾಕಿದೆ. ಫೋನು ಒಳಗಿದ್ದರೆ ಮನಸ್ಸು ಅದರಲ್ಲೇ ಇರುತ್ತದೆ. ಬಾಗಿಲು ತೆಗೆದೆ. ಮಾವ ಕುರ್ಚಿಯಿಂದ ಎದ್ದು ನಿಂತರು.

"ಮಾವ, ಇದು ನಿಮ್ಮ ಹತ್ರ ಇರಲಿ. ಅಮ್ಮ ಫೋನ್ ಮಾಡಬಹುದು."

"ಮಾಡಿದ್ರೆ?"

"ಮುಗಿಯೋವರೆಗೆ ನನಗೆ ಹೇಳಬೇಡಿ. ಏನೇ ಆದ್ರೂ."

ಯಾರಿಗೆ ಹೇಳುತ್ತಿದ್ದೇನೆ ಎಂದು ಹೇಳಿದ ಮೇಲೆ ಹೊಳೆಯಿತು. ಲಿಫ್ಟು ಇಳಿಯುವಷ್ಟು ಹೊತ್ತೂ ಗುಟ್ಟು ನಿಲ್ಲದ ಹೊಟ್ಟೆ! ಮಾವ ತಲೆಯಾಡಿಸಿ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಪಾರಾಯಣ ಅರ್ಧ ದಾಟಿರಬೇಕು, ಹೊರಗೆ ಫೋನು ಕೂಗಿತು.

"ಹಲೋ... ಹೂಂ... ಹೂಂ."

ಅಷ್ಟೇ. ಆಮೇಲೆ ಏನೂ ಇಲ್ಲ. ನನ್ನ ಬಾಯಿ ಓದುತ್ತಿದೆ, ಜೀವವೆಲ್ಲ ಕಿವಿಯಲ್ಲಿದೆ. ಒಳ್ಳೆಯ ಸುದ್ದಿಯಾಗಿದ್ದರೆ ಈ ಮನುಷ್ಯ ಸುಮ್ಮನಿರುತ್ತಿದ್ದರೇ? ಬಾಗಿಲು ಒಡೆದು ಬರುತ್ತಿದ್ದರು! ಸುಮ್ಮನಿದ್ದಾರೆ ಎಂದರೆ? ಕುರ್ಚಿ ಸರಿದ ಸದ್ದು. ಮೆಟ್ಟಿಲಿಳಿದ ಹೆಜ್ಜೆ. ಕೆಳಗೆಲ್ಲೋ ಪಿಸುಮಾತು. ಮತ್ತೆ ಹೆಜ್ಜೆ ಮೇಲೆ ಬಂತು. ಮತ್ತೆ ಮೌನ. ಮೂರನೆಯ ಸಲವೂ ಎದ್ದು ಓಡಿಬಿಡಲೇ ಎನ್ನಿಸಿತು. ಓಡಲಿಲ್ಲ. ನೀನು ಕೊಟ್ಟದ್ದನ್ನು ತೆಗೆದುಕೊಳ್ಳುತ್ತೇನೆ ತಾಯಿ, ಆದರೆ ಇದನ್ನು ಮುಗಿಸಿ ತೆಗೆದುಕೊಳ್ಳುತ್ತೇನೆ ಎಂದು ಕಡೆಯ ಸಾಲಿನವರೆಗೆ ಓದಿದೆ. ಕರ್ಪೂರ ಹಚ್ಚಿ ಆರತಿ ಎತ್ತಿದೆ. ಕುಂಕುಮ ಇಟ್ಟುಕೊಂಡು ಬಾಗಿಲು ತೆಗೆದೆ.

ಮೆಟ್ಟಿಲ ತುಂಬ ಜನ! ಅಸ್ಕಾರಿ, ಗ್ಯಾಸಿನವನು, ಕೊತ್ತಂಬರಿ ಕಂತೆ ಹಿಡಿದ ತರಕಾರಿ ಹೆಂಗಸು. ಎಲ್ಲರೂ ಬಾಯಿ ಬಿಗಿಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಾರೆ, ಮುಖ ಮಾತ್ರ ಅರಳುತ್ತಿದೆ. ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಮಾವ ಇಡೀ ಕಟ್ಟಡಕ್ಕೆ ಹೇಳಿ ಮುಗಿಸಿದ್ದರು. ನನಗೊಬ್ಬಳಿಗೆ ಹೇಳಿರಲಿಲ್ಲ.

ಅವರು ಹೊಸ್ತಿಲಿನಾಚೆ ನಿಂತಿದ್ದರು. ಫೋನು ಎರಡೂ ಕೈಯಲ್ಲಿತ್ತು. ಕಣ್ಣು ಕೆಂಪಾಗಿತ್ತು.

"ಏನಮ್ಮಾ" ಎಂದರು. "ಫ್ರೀನಾ?"

ಕೇಳಿ, ಅಲ್ಲೇ ನಿಂತರು. ಕಾಲು ಹೊಸ್ತಿಲು ದಾಟಲಿಲ್ಲ. ನಾನು ಉತ್ತರ ಕೊಡುವವರೆಗೆ ಮಾವ ಕಾದರು.

"ಫ್ರೀ, ಮಾವ."

"ಹೆಣ್ಣು ಮಗು. ಜೋರಾಗಿ ಅಳ್ತಿದ್ಯಂತೆ. ನಿನ್ನ ತಂಗೀನೂ ಚೆನ್ನಾಗಿದ್ದಾಳೆ."

ಮೆಟ್ಟಿಲ ಮೇಲಿನವರೆಲ್ಲ ಒಟ್ಟಿಗೆ "ಹೊಂಗೆರಾ!" ಎಂದು ಕೂಗಿದರು. ತರಕಾರಿ ಹೆಂಗಸು ಕೊತ್ತಂಬರಿ ಕಂತೆಯನ್ನು ನನ್ನ ಕೈಗಿಟ್ಟು ಅಪ್ಪಿಕೊಂಡಳು. ನನಗೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಎಲ್ಲರೂ ಇಳಿದು ಹೋದರು. ಮಾವ ಕುರ್ಚಿ ಎತ್ತಿಕೊಂಡರು. ಎರಡು ಮೆಟ್ಟಿಲು ಇಳಿದು, ತಿರುಗಿ ನೋಡದೆ ಹೇಳಿದರು:

"ಒಂದಷ್ಟು ಬೆಡ್‌ಶೀಟು ಹಾಗೇ ಉಳಿದಿದೆ. ಇವತ್ತೇ ಆಗ್ಬೇಕು ಅಂತೇನಿಲ್ಲ. ನೀನು ಯಾವತ್ತು ಫ್ರೀನೋ, ಅವತ್ತು."

"ತನ್ನಿ ಮಾವ" ಎಂದೆ. "ಆ ತುದಿ ನಾನು ಹಿಡ್ಕೋತೀನಿ."